ಮೂರು ಊರಿನ ಎಕನಾಮಿಕ್ಸ್ ಸರ್

ಸಂಜೆಯ ಬಸ್ಸಿನ ಮೇಲಿನ ಕಂಬಿ ಹಿಡಿದ ಅವರ ಬಲಗೈ ಬೆರಳಿನಿಂದ ಮಣಿಕಟ್ಟಿನವರೆಗೆ ಸುಣ್ಣ ಬಳಿದ ಹಾಗೆ ಬೆಳ್ಳಗಿರುತ್ತಿತ್ತು. ಡಸ್ಟರ್ ಹುಡುಕುವ ತಾಳ್ಮೆ ಅವರಿಗಿರಲಿಲ್ಲ, ಬೋರ್ಡನ್ನು ಅಂಗೈಯಿಂದಲೇ ಒರೆಸುತ್ತಿದ್ದರು. ಆ ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯಲ್ಲಿ ಚೀಲವನ್ನು ಹೊಟ್ಟೆಗೆ ಒತ್ತಿಕೊಂಡು, ನಿಂತಲ್ಲೇ ನಿದ್ದೆ ಮಾಡುತ್ತಿದ್ದರು. ತೂಕಡಿಕೆಯಲ್ಲ, ಸಣ್ಣಗೆ ಗೊರಕೆ ಬರುವ ನಿದ್ದೆ. ತಿರುವಿನಲ್ಲಿ ಬಸ್ಸು ವಾಲಿದರೆ ಅವರೂ ವಾಲಿ ಮತ್ತೆ ನೆಟ್ಟಗಾಗುತ್ತಿದ್ದರು. ಬೆಳಿಗ್ಗೆ ಬರುವಾಗಲೂ ಹಾಗೆಯೇ; ಕಾಲೇಜಿನ ಸ್ಟಾಪು ಇನ್ನೇನು ಬಂತು ಎನ್ನುವಾಗ, ಯಾರೂ ಎಬ್ಬಿಸದೆ, ಕಣ್ಣು ಬಿಟ್ಟು ಬಾಗಿಲ ಕಡೆ ನಡೆಯುತ್ತಿದ್ದರು.

ಅವರ ಮನೆ ಸಿದ್ದಾಪುರದ ಹತ್ತಿರ. ಸೋಮವಾರ, ಮಂಗಳವಾರ ಯಲ್ಲಾಪುರದ ಕಾಲೇಜು. ಬುಧವಾರ, ಗುರುವಾರ ಸಿದ್ದಾಪುರ. ಶುಕ್ರವಾರ, ಶನಿವಾರ ಶಿರಸಿ. ಮೂರು ಕಡೆಯೂ ಅತಿಥಿ ಉಪನ್ಯಾಸಕರು. ಇಪ್ಪತ್ತು ವರ್ಷ ದಾಟಿದ ಅತಿಥಿಯನ್ನು ಯಾವ ಮನೆಯಲ್ಲಾದರೂ ಕಂಡಿದ್ದೀರಾ? ಕಾಲೇಜಿನವರು ಕಂಡಿದ್ದರು. ಪ್ರತಿ ವರ್ಷ ಹೊಸ ಆದೇಶ ಬರಬೇಕು, ಬರುವವರೆಗೆ ಕಾಯಬೇಕು. ಮೇಲಿನವರು ಸಹಿ ಹಾಕಿದರೂ ಆಫೀಸಿನ ಗುಮಾಸ್ತರು ಕಾಗದ ಬಿಡರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬುದನ್ನು ಅವರಷ್ಟು ಚೆನ್ನಾಗಿ ಅರಿತವರು ಇರಲಿಕ್ಕಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಕೊನೆಗೆ ಇಟ್ಟುಕೊಂಡರೆ ಹೇಳುವ ಧೈರ್ಯ ಬರುವುದಿಲ್ಲ. ಶಿರಸಿಯ ಆ ಕಾಲೇಜಿನಲ್ಲಿ ಅವರು ನಿಲ್ಲುತ್ತಿದ್ದ ಜಾಗದಲ್ಲಿ ಈಗ ನಾನು ನಿಂತಿದ್ದೇನೆ. ಅವರು ತಾವಾಗಿ ಬಿಟ್ಟದ್ದಲ್ಲ. ನಾನು ಬಂದೆ, ಅದಕ್ಕೆ ಅವರು ಹೋಗಬೇಕಾಯಿತು.

ನಮ್ಮದು ಬನವಾಸಿ ಕಡೆಯ ಹಳ್ಳಿ, ಭತ್ತ ಬೆಳೆಯುವ ಮನೆ. ಅಕ್ಕನನ್ನು ಸಿದ್ದಾಪುರ ರಸ್ತೆಯ ಊರಿಗೆ ಕೊಟ್ಟಿದ್ದರು; ಅವಳ ಮನೆಯಲ್ಲಿದ್ದುಕೊಂಡು ನಾನು ಶಿರಸಿಗೆ ಬಿ.ಎ. ಓದಲು ಹೋಗುತ್ತಿದ್ದೆ. ಹಾಗಾಗಿ ಸರ್ ಬರುವ ಬಸ್ಸೇ ನನ್ನ ಬಸ್ಸು. ಎರಡನೇ ವರ್ಷ ಸಮಗ್ರ ಅರ್ಥಶಾಸ್ತ್ರ ಬಂತು. ರಾಷ್ಟ್ರೀಯ ಆದಾಯ, ಅನುಭೋಗ ಪ್ರವೃತ್ತಿ, ಗುಣಕ ಎಲ್ಲವೂ ಕಬ್ಬಿಣದ ಕಡಲೆ. ಮೊದಲ ತರಗತಿಯಲ್ಲಿ ಅವರು ಪುಸ್ತಕ ತೆಗೆಯಲೇ ಇಲ್ಲ.

"ನಿನಗೆ ಬಸ್ಸಲ್ಲಿ ಸೀಟು ಸಿಕ್ತಾ ಇಲ್ವಾ ಅಂತ ನೋಡೋದು ಸೂಕ್ಷ್ಮ ಅರ್ಥಶಾಸ್ತ್ರ. ಬಸ್ಸಿಗೆ ಡೀಸೆಲ್ ಉಂಟಾ, ಡ್ರೈವರ್ ಎಚ್ಚರ ಇದ್ದಾನಾ, ಹೊರಟಿದ್ದು ಎಲ್ಲಿಗೆ ಅಂತ ನೋಡೋದು ಸಮಗ್ರ. ಸೀಟು ಸಿಕ್ಕಿದವ ಇದನ್ನ ಕೇಳೂದೇ ಇಲ್ಲ ನೋಡಿ, ನಿಂತವನೇ ಕೇಳೂದು."

ನಿರುದ್ಯೋಗದ ಪಾಠದ ದಿನ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ಸೆಮಿಸ್ಟರ್ ಮುಗಿದ ಮೇಲೆ ತಮ್ಮದು ಯಾವ ನಿರುದ್ಯೋಗ ಸರ್ ಎಂದು ಕೇಳಿದ. ತರಗತಿ ಗೊಳ್ಳೆಂದಿತು. ನನಗೆ ಆ ಹುಡುಗನ ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು ಬಂತು. ಸರ್ ಮಾತ್ರ ಒಳ್ಳೆಯ ಪ್ರಶ್ನೆ ಸಿಕ್ಕಿತೆಂಬಂತೆ ಬೋರ್ಡಿನ ಕಡೆ ತಿರುಗಿ ಬರೆದರು: ಋತುಮಾನದ ನಿರುದ್ಯೋಗ. "ಮೇ, ಜೂನಿನಲ್ಲಿ ನಾನು ಇದು. ಪರೀಕ್ಷೆಲಿ ಈ ಉದಾಹರಣೆನೇ ಬರೀರಿ, ಐದು ಮಾರ್ಕು ಬಿದ್ದೇ ಬೀಳ್ತದೆ" ಎಂದರು. ನಾವು ಬರೆದುಕೊಂಡೆವು ಕೂಡ.

ಆ ಮಳೆಗಾಲ ನಾನು ಒಂದು ವಾರ ಕಾಲೇಜಿಗೆ ಹೋಗಲಿಲ್ಲ. ಮರಳಿ ಬಂದ ದಿನ ಹಾಜರಿ ಕರೆಯುತ್ತ ನನ್ನ ಹೆಸರಿಗೆ ನಿಂತರು.

"ಎಂತಾ ತಂಗಿ, ವಾರದಿಂದ ಪತ್ತೆನೇ ಇಲ್ಲ?"

"ಸಸಿ ಹಚ್ಚಾಕ ಹೋಗಿದ್ನಿರಿ ಸರ್. ಅವ್ವಗ ಬೆನ್ನು ಹಿಡದೈತ್ರಿ. ಆಕಿ ಮುಯ್ಯಾಳು ತೀರಸೂದಿತ್ತು, ಆಕಿ ಬದ್ಲಿ ನಾ ಹೋದೆ."

ನನ್ನ ಮಾತಿನ ಧಾಟಿಗೆ ಪೇಟೆಯ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಸರ್ ನಗಲಿಲ್ಲ. ಮುಯ್ಯಾಳು ಎಂದರೇನು ಹೇಳು ಎಂದರು. ಹೇಳಿದೆ: ಇವತ್ತು ನಮ್ಮ ಗದ್ದೆ ನಾಟಿಗೆ ನಿಮ್ಮ ಮನೆಯಿಂದ ಒಂದಾಳು ಬಂದರೆ, ನಿಮ್ಮ ಗದ್ದೆಗೆ ನಮ್ಮ ಮನೆಯಿಂದ ಒಂದಾಳು ಹೋಗಬೇಕು. ಕೂಲಿಯ ಮಾತಿಲ್ಲ. ಯಾರಿಗಾದರೂ ಆಗದಿದ್ದರೆ ಆ ಮನೆಯ ಬೇರೆ ಯಾರಾದರೂ ಹೋದರೂ ನಡೆಯುತ್ತದೆ, ಆಳು ಆಳೇ.

"ಈ ತಂಗಿ ಆರು ದಿನ ಸೊಂಟ ಬಗ್ಗಿಸಿದ್ದು ರಾಷ್ಟ್ರೀಯ ಆದಾಯದ ಲೆಕ್ಕದಲ್ಲಿ ಎಲ್ಲಿ ಉಂಟು, ತೋರ್ಸಿ ನೋಡುವ" ಎಂದು ತರಗತಿಗೆ ಕೇಳಿದರು. ಆಮೇಲೆ ತಾವೇ ಬಿಡಿಸಿ ಹೇಳಿದರು: "ಭತ್ತ ಬಂದರೆ ಭತ್ತ ಲೆಕ್ಕಕ್ಕೆ ಬರ್ತದೆ. ಕೂಲಿ ಕೊಟ್ಟಿದ್ರೆ ಕೂಲಿ ಅಂತ ಬರ್ತಿತ್ತು. ಇವಳ ಆರು ದಿನಕ್ಕೆ ಎಲ್ಲೂ ಹೆಸರಿಲ್ಲ. ಹಾಗಂತ ಗದ್ದೆ ತಾನಾಗೇ ನಾಟಿ ಆಯ್ತಾ? ಲೆಕ್ಕಕ್ಕೆ ಬರಲಿಲ್ಲ ಅಂದ್ರೆ ಕೆಲಸ ಆಗ್ಲಿಲ್ಲ ಅಂತಲ್ಲ. ಲೆಕ್ಕ ಬರೆಯುವವನ ಕಣ್ಣಿಗೆ ಬೀಳಲಿಲ್ಲ ಅಂತ."

ಇಷ್ಟೆಲ್ಲ ಕೇಳಿಯೂ ಆ ಪತ್ರಿಕೆಯಲ್ಲಿ ನಾನು ಫೇಲಾದೆ. ಓದು ಸಾಕು ಎಂದು ಅಪ್ಪ ಹೇಳಿ ಕಳಿಸಿದರು. ಸರ್‌ಗೆ ಹೇಗೆ ಗೊತ್ತಾಯಿತೋ, ಶನಿವಾರ ಶಿರಸಿ ಬಸ್ ಸ್ಟ್ಯಾಂಡಿನ ಸಿಮೆಂಟು ಬೆಂಚಿನ ಮೇಲೆ ಪಕ್ಕದಲ್ಲಿ ಜಾಗ ತೋರಿಸಿದರು. ಸಿದ್ದಾಪುರದ ಬಸ್ಸಿಗೆ ಮುಕ್ಕಾಲು ಗಂಟೆ ಇರುತ್ತಿತ್ತು. ಆ ಮುಕ್ಕಾಲು ಗಂಟೆಯಲ್ಲಿ ಸಕ್ಕರೆ ಹಾಕದ ಚಹಾ ಕುಡಿಯುತ್ತ, ಕೆಂಪಾದ ಕಣ್ಣನ್ನು ಉಜ್ಜಿಕೊಳ್ಳುತ್ತ, ಒಂದು ಇಡೀ ಸೆಮಿಸ್ಟರಿನ ಶನಿವಾರಗಳಲ್ಲಿ ನನಗೆ ಮತ್ತೆ ಮೊದಲಿನಿಂದ ಪಾಠ ಮಾಡಿದರು. ಪಾಪ, ಅವರಿಗೆ ಕೂತು ಕಣ್ಣು ಮುಚ್ಚಲು ವಾರದಲ್ಲಿ ಸಿಗುತ್ತಿದ್ದದ್ದು ಅದೊಂದೇ ಹೊತ್ತು. ಅದು ನನಗೆ ಆಗ ತಿಳಿಯಲಿಲ್ಲ, ಈಗ ನನ್ನದೇ ಕಾಲು ನೋಯುವಾಗ ತಿಳಿಯುತ್ತದೆ.

ಪಾಸಾದೆ. ಎಂ.ಎ. ಮಾಡಿದೆ. ಎರಡು ಸಲ ಬಿದ್ದು ಮೂರನೇ ಸಲ ನೆಟ್ ಪರೀಕ್ಷೆಯನ್ನೂ ದಾಟಿದೆ. ಅತಿಥಿ ಉಪನ್ಯಾಸಕರಿಗೆ ಅರ್ಜಿ ಕರೆದಿದ್ದಾರೆ, ಹಾಕು ಎಂದು ಫೋನು ಮಾಡಿ ಹೇಳಿದವರು ಸರ್ ಅವರೇ. ಹಾಕಿದೆ. ಆ ವರ್ಷ ಹೊಸ ನಿಯಮ ಬಂದಿತ್ತು, ನೆಟ್ ಆದವರಿಗೆ ಮೊದಲ ಆದ್ಯತೆ. ಸರ್ ಎಂ.ಎ. ಮುಗಿಸಿದ ಕಾಲಕ್ಕೆ ಅದನ್ನು ಯಾರೂ ಕೇಳುತ್ತಿರಲಿಲ್ಲ. ಕೇಳತೊಡಗಿದಾಗ ಮೂರು ಊರು ತಿರುಗುವ ಮನುಷ್ಯನಿಗೆ ಕೂತು ಓದುವ ಪುರುಸೊತ್ತೆಲ್ಲಿ? ಕಾಲೇಜು ಆರಿಸುವ ದಿನ ನಾನು ಬಸ್ಸಿನ ಅನುಕೂಲ ನೋಡಿ ಶಿರಸಿ ಎಂದೆ. ಯಲ್ಲಾಪುರದಲ್ಲಿ ಮಕ್ಕಳು ಸಾಲದೆ ಕಲಾ ವಿಭಾಗ ಮುಚ್ಚಿತ್ತು, ಸಿದ್ದಾಪುರಕ್ಕೆ ಕಾಯಂ ಉಪನ್ಯಾಸಕರು ಬಂದಿದ್ದರು, ಸರ್‌ಗೆ ಉಳಿದದ್ದು ಶಿರಸಿಯೊಂದೇ ಎಂಬುದು ಗೊತ್ತಾದದ್ದು ಆದೇಶ ಕೈಗೆ ಬಂದ ಮೇಲೆ.

ಅವತ್ತೇ ಅವರ ಮನೆಗೆ ಹೋದೆ. ಜಗಲಿಯಲ್ಲಿ ಕೂತು, ಕೆಲಸ ಬೇಡವೆಂದು ಬರೆದು ಕೊಡುತ್ತೇನೆ ಸರ್ ಎಂದು ಅತ್ತೆ.

"ಮರುಳಾ ನೀನು? ನೀ ಬಿಟ್ಟರೆ ಪಟ್ಟಿಲಿ ನಿನ್ನ ಹಿಂದೆ ಇದ್ದವ ಬರ್ತ. ನನ್ನ ಹೆಸರು ಬರೂಕೆ ಇನ್ನೂ ಹನ್ನೊಂದು ಜನ ಬಿಡ್ಬೇಕು" ಎಂದರು. ಆಮೇಲೆ, "ಅವ್ವನ ಬೆನ್ನು ಹೋದಾಗ ಅವಳ ಬದಲಿಗೆ ನೀನು ಗದ್ದೆಗೆ ಇಳಿದೆಯಲ್ಲ, ಅವ್ವನ ಸಾಲು ಕಸ್ಕೊಂಡ್ಳು ಅಂತ ಯಾರಾದರೂ ಅಂದ್ರಾ?" ಎಂದು ಕೇಳಿದರು.

ಮಾತು ಚೆಂದವಾಗಿತ್ತು. ಆದರೆ ನಾನು ನಂಬಲಿಲ್ಲ, ಈಗಲೂ ಪೂರ್ತಿ ನಂಬುವುದಿಲ್ಲ. ನಾನು ಗದ್ದೆಗಿಳಿದರೆ ಅವ್ವ ಮನೆಯಲ್ಲಿ ಬೆನ್ನು ಚಾಚಿ ಮಲಗಿದಳು. ಸರ್‌ಗೆ ಆ ಸುಖವೂ ಸಿಗಲಿಲ್ಲ.

ತರಗತಿ ಶುರುವಾದ ಎರಡನೇ ವಾರ, ಒಂದು ಶುಕ್ರವಾರ, ನಾನು ಬೋರ್ಡಿನ ಕಡೆ ತಿರುಗಿ ಏನೋ ಬರೆಯುತ್ತಿದ್ದೆ. ಮಕ್ಕಳು ಎದ್ದು ನಿಂತ ಸದ್ದಾಯಿತು. ಬಾಗಿಲಲ್ಲಿ ಸರ್, ಹೊಟ್ಟೆಗೆ ಒತ್ತಿಕೊಂಡ ಚೀಲ, ಇನ್ನೂ ನಿದ್ದೆ ಹರಿಯದ ಕಣ್ಣು. ಸಕ್ಕರೆ ಕಾಯಿಲೆಯ ಮಾತ್ರೆ ತರಲು ಪೇಟೆಗೆ ಹೊರಟವರು. ಬಸ್ಸಿನಲ್ಲಿ ನಿಂತೇ ನಿದ್ದೆ ಹೋಗಿ, ಕಾಲೇಜಿನ ಸ್ಟಾಪು ಬರುತ್ತಲೇ ಅಭ್ಯಾಸಬಲದಿಂದ ಇಳಿದು, ಕಾಲು ಕರೆತಂದ ಕಡೆಗೆ ಬಂದುಬಿಟ್ಟಿದ್ದರು. ನನ್ನನ್ನು ನೋಡಿದ ಮೇಲೆ ಅವರಿಗೆ ಎಚ್ಚರವಾಯಿತು. ಆ ಮುಖವನ್ನು ನಾನು ಮರೆಯಲಾರೆ.

"ಒಳಗೆ ಬರ್ರಿ ಸರ್" ಎಂದೆ.

"ಬ್ಯಾಡ ಬ್ಯಾಡ. ನಡೆಸು ನೀನು" ಎಂದರು. ಹೊರಟವರು ಮತ್ತೆ ತಿರುಗಿ, "ಅಕ್ಷರ ಸ್ವಲ್ಪ ದೊಡ್ಡದು ಮಾಡು ತಂಗಿ, ಹಿಂದಿನವಕ್ಕೆ ಕಾಣೂದಿಲ್ಲ" ಎಂದರು. ಆಮೇಲೆ ಅವರು ಆ ಬಸ್ಸನ್ನೇ ಬಿಟ್ಟು ಮಧ್ಯಾಹ್ನದ ಬಸ್ಸಿಗೆ ಪೇಟೆಗೆ ಬರತೊಡಗಿದರಂತೆ.

ಮುಂದಿನ ಮಳೆಗಾಲಕ್ಕೆ ಮೊದಲೇ ತೀರಿಕೊಂಡರು. ಸಕ್ಕರೆ ಮೂತ್ರಪಿಂಡಕ್ಕೆ ಇಳಿದಿತ್ತು. ಸುದ್ದಿ ಬಂದಾಗ ನಾನೂ ಮನೆಯಲ್ಲಿ ಹೊಸ ಆದೇಶಕ್ಕೆ ಕಾಯುತ್ತಿದ್ದೆ, ಋತುಮಾನದವಳಾಗಿ.

ಅವರಿಗೆ ಅರ್ಧ ಎಕರೆ ಗದ್ದೆ ಇತ್ತು. ಆ ಜುಲೈಯ ಒಂದು ಭಾನುವಾರ ಯಾರಿಗೂ ಹೇಳದೆ ಬೆಳಗಿನ ಬಸ್ಸು ಹಿಡಿದು ಅಲ್ಲಿಗೆ ಹೋದೆ. ಅವರ ಹೆಂಡತಿ, ಇನ್ನಿಬ್ಬರು ಹೆಂಗಸರು ನಾಟಿ ಮಾಡುತ್ತಿದ್ದರು. ಸೀರೆ ಎತ್ತಿ ಕಟ್ಟಿ ಕೆಸರಿಗೆ ಇಳಿದೆ. ಮೇಡಂ ಎಂದು ಅವರು ಗಾಬರಿಯಾದರು. ಬೇಡವೆಂದರು. ನಾನು ಕೇಳಲಿಲ್ಲ. ವರ್ಷಗಟ್ಟಲೆ ಬಗ್ಗದ ಸೊಂಟ ಹತ್ತು ಗಂಟೆಗೇ ಹಿಡಿದುಕೊಂಡಿತು. ಮಧ್ಯಾಹ್ನದ ಹೊತ್ತಿಗೆ ಸರ್ ಹೆಂಡತಿ, ನಾನು ಅಕ್ಕಪಕ್ಕದ ಸಾಲಿಗೆ ಬಂದೆವು.

"ಹಿಂಗೆ ಬಂದು ಮಾಡಿಕೊಟ್ರೆ ನಾನು ಮುಯ್ಯಿ ತೀರ್ಸೂಕೆ ಎಲ್ಲಿ ಬರ್ಲಿ? ನಿಮ್ಮೂರು ಅಷ್ಟು ದೂರ" ಎಂದರು ಅವರು.

"ನೀವು ಬರೂದು ಬ್ಯಾಡ್ರಿ ಅಕ್ಕಾರ. ನಿಮ್ಮನಿ ಆಳು ಮೊದಲ ಬಂದು ಹೋಗ್ಯಾರ, ಶನಿವಾರಕ್ಕೊಮ್ಮೆ" ಎಂದೆ.

ಅವರು ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ ಸಸಿಯ ಇನ್ನೊಂದು ಕಟ್ಟನ್ನು ಎತ್ತಿ ನನ್ನ ಕಾಲ ಬಳಿ ಎಸೆದರು.