ಗೇರೆಣ್ಣೆ ಬಿದ್ದ ಬೋರೆಮರ

ಗಲ್ಫಿನ ಅಲ್ ಶಮಾಲ್‌ನ ಟೊಮೆಟೊ ತೋಟದಲ್ಲಿ ಗಿರಿಯಪ್ಪನಿಗೆ ಇಪ್ಪತ್ತಮೂರು ವರ್ಷದ ಸರ್ವಿಸ್. ಬೆಳ್ತಂಗಡಿ ಕಡೆಯ ಈ ಮನುಷ್ಯನಿಗೆ ಮರದ ಸಾಮಾನು ಕಂಡರೆ ಕೈ ಸುಮ್ಮನಿರದು. ರಜೆಯಲ್ಲಿ ಊರಿಗೆ ಹೋದಾಗಲೆಲ್ಲ ಮನೆಯ ಮಾಡಿನ ಪಕ್ಕಾಸಿಗೆ, ಜಗಲಿಯ ಬಿದಿರಿಗೆ ಗೇರೆಣ್ಣೆ ಬಳಿದೇ ವಿಮಾನ ಹತ್ತುತ್ತಿದ್ದ. ಗೇರುಬೀಜದ ಸಿಪ್ಪೆಯಿಂದ ತೆಗೆದ ಆ ಕಪ್ಪೆಣ್ಣೆ ಬಿದ್ದ ಮರಕ್ಕೆ ಗೆದ್ದಲು ಹಿಡಿಯುವುದಿಲ್ಲ, ದುಂಬಿ ತೂತು ಕೊರೆಯುವುದಿಲ್ಲ. ಹೆಂಡತಿ ಲೀಲಾಕ್ಷಿಗೆ ತಾನು ಬಿಟ್ಟುಹೋಗುವ ಕಾವಲು ಅದು ಎಂದೇ ಅವನು ತಿಳಿದಿದ್ದ.

ತಮಾಷೆ ನೋಡಿ, ತೋಟದಲ್ಲಿ ಅವನಿಗೆ ದುಂಬಿ ಸಾಕುವ ಕೆಲಸ. ಟೊಮೆಟೊ ಹೂವು ಬಲು ಜಿಪುಣ. ಯಾರಾದರೂ ಅಪ್ಪಿ ಹಿಡಿದು ಗುಂಯ್ ಎಂದು ನಡುಗಿಸಿದರೆ ಮಾತ್ರ ಪರಾಗ ಉದುರಿಸುತ್ತದೆ. ಸಾಕುಜೇನಿಗೆ ಆ ವಿದ್ಯೆ ಬಾರದು. ಅದಕ್ಕೇ ಪರದೇಶದ ರೋಮದ ದುಂಬಿಗಳು ರಟ್ಟಿನ ಪೆಟ್ಟಿಗೆಯಲ್ಲಿ ಬರುತ್ತವೆ. ಅವಧಿ ಮುಗಿದ ಮೇಲೆ ಅವನ್ನು ಹೊರಗೆ ಬಿಡುವಂತಿಲ್ಲ, ಅವುಗಳ ರೋಗ ಇಲ್ಲಿಯವಕ್ಕೆ ಅಂಟೀತು. ಪೆಟ್ಟಿಗೆಯನ್ನು ಫ್ರೀಜರ್‌ನಲ್ಲಿ ಇಡಬೇಕು. "ಕಾಂಟ್ರಾಕ್ಟ್ ಖಲಾಸ್" ಎಂದು ಇಟ್ಟು, ಒಳಗಿನ ಸದ್ದು ನಿಲ್ಲುವ ಮುಂಚೆ ಗಿರಿಯಪ್ಪ ಅಲ್ಲಿಂದ ಹೊರಟುಬಿಡುತ್ತಿದ್ದ.

ಎರಡು ವರ್ಷದ ಹಿಂದೆ ಅವನು ರಜೆಯಿಂದ ಒಂದು ಬಾಟಲಿ ಗೇರೆಣ್ಣೆ ತಂದ. ಪಂಪ್‌ಹೌಸಿನ ಚಪ್ಪರಕ್ಕೆ ಬಳಿದು, ಉಳಿದದ್ದನ್ನು ಪಕ್ಕದ ಒಣಗಿದ ಬೋರೆಮರಕ್ಕೂ ಬಳಿದ. ಅದರ ತುಂಬ ತೂತು. ಪಾಪ, ಹಾಳಾಗುವುದು ಬೇಡ ಎಂದು ತೂತಿನೊಳಗೂ ಎಣ್ಣೆ ಬಿಟ್ಟ.

ಮರುವಾರ ಅಸೀಫಾ ಬಂದಳು. ಇದೇ ದೇಶದ ಅಲ್ ಮುಂತಜಾದಲ್ಲೇ ಹುಟ್ಟಿ ಬೆಳೆದ ಬ್ಯಾರಿ ಹುಡುಗಿ, ಇಲ್ಲಿಯ ಕಾಡುದುಂಬಿಗಳ ಬಗ್ಗೆ ಓದುತ್ತಿರುವವಳು.

"ಅಂಕಲ್, ಇದಕ್ಕೆ ಯಾರು ಎಂತ ಹಚ್ಚಿದ್ದು? ಈ ಏರಿಯಾದಲ್ಲಿ ಡ್ರೈ ಮರ ಎಲ್ಲ ಕ್ಲೀನ್ ಮಾಡಿ ಸುಟ್ಟಿದ್ದಾರೆ. ದುಂಬಿಗಳಿಗೆ ಇದೊಂದೇ ಇದ್ದದ್ದು."

"ನಾನೇ ಮಗಳೇ."

ಅವಳು ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಒಂದು ತೂತನ್ನು ಸೀಳಿ ತೋರಿಸಿದಳು. ಮರದ ಹುಡಿಯ ಗೋಡೆ ಕಟ್ಟಿದ ಕೋಣೆಗಳು, ಒಂದೊಂದರಲ್ಲೂ ಪರಾಗದ ಉಂಡೆ, ಉಂಡೆಯ ಮೇಲೆ ಅಕ್ಕಿಕಾಳಿಗಿಂತ ದೊಡ್ಡ ಮೊಟ್ಟೆ. ತಾಯಿ ಬಾಳಿಡೀ ಇಡುವುದು ಅಂಥ ಕೆಲವೇ ಕೆಲವು. ದೊಡ್ಡವಾದ ಹೆಣ್ಣುದುಂಬಿಗಳು ಹೆಚ್ಚಾಗಿ ತಾವು ಹುಟ್ಟಿದ ಸುರಂಗದಲ್ಲೇ ಸಂಸಾರ ಹೂಡುತ್ತವೆ ಎಂದಳು. ಮೊಟ್ಟೆಗಳು ಎಣ್ಣೆಯಲ್ಲಿ ಕಪ್ಪಾಗಿದ್ದವು.

ದುಂಬಿಗಳು ಗೂಡು ಕೊರೆಯಲೆಂದು ಗಿರಿಯಪ್ಪ ಖರ್ಜೂರದ ಒಣ ಗರಿದಂಟುಗಳನ್ನು ಕಟ್ಟು ಕಟ್ಟಿ ಪಂಪ್‌ಹೌಸಿನ ನೆರಳಲ್ಲಿ ತೂಗಹಾಕಿದ. ದಿನಾ ಬೆಳಿಗ್ಗೆ ಕಿವಿಯಿಟ್ಟು ಕೇಳಿದ. ತಾನಿಲ್ಲದಾಗ ದುಂಬಿ ಬಂದುಬಿಟ್ಟರೆ ಎಂದು ರಜೆಯನ್ನೂ ಬಿಟ್ಟ. ಈ ಏಪ್ರಿಲ್‌ಗೆ ಫೈನಲ್ ಎಕ್ಸಿಟ್, ಕೆಲಸ ಬಿಟ್ಟು ಊರಿಗೆ. ಅಷ್ಟರೊಳಗೆ ಆ ಸದ್ದು ಒಮ್ಮೆ ಕೇಳಿದರೆ ಸಾಕಿತ್ತು. ಊರಿನ ಮೀನುಸಾರಿಗೂ ಅವನು ಅಷ್ಟು ಹಂಬಲಿಸಿರಲಿಲ್ಲ.

ಹೊರಡುವ ಹಿಂದಿನ ದಿನವೂ ಗರಿದಂಟು ಸುಮ್ಮನಿತ್ತು. ಅದರ ಪಕ್ಕ ನಿಂತಿದ್ದಾಗಲೇ ಲೀಲಾಕ್ಷಿಯ ಫೋನ್ ಬಂತು.

"ಎರಡು ವರ್ಷ ನೀವು ಬರ್ಲಿಲ್ಲ ಅಲ್ವಾ, ಜಗಲಿಯ ಬಿದಿರೆಲ್ಲ ದುಂಬಿ ಕೊರೆದಿಟ್ಟಿದೆ. ಹುಡಿ ಗುಡಿಸಿ ಗುಡಿಸಿ ಸಾಕಾಯ್ತು. ಗೇರೆಣ್ಣೆ ತರಿಸಿ ಇಟ್ಟಿದ್ದೇನೆ."

ಗಿರಿಯಪ್ಪ ಫೋನನ್ನು ಕಿವಿಗೆ ಒತ್ತಿಕೊಂಡ. "ಹಚ್ಚಿದ್ಯಾ?"

"ಇಲ್ಲ, ನೀವೇ ಬಂದು ಹಚ್ಚಿ."

"ಫೋನು ಒಮ್ಮೆ ಬಿದಿರಿಗೆ ಹಿಡಿ."

"ಎಂತ ಮಾರಾಯ್ರೆ, ಮಂಡೆ ಸರಿ ಉಂಟಾ ನಿಮ್ಗೆ?"

ಬೈದರೂ ಹಿಡಿದಳು. ಗುಂಯ್ ಎನ್ನುವ ಸದ್ದು ಬಿದಿರಿನೊಳಗಿಂದ ಬಂತು, ನಿಂತಿತು, ಮತ್ತೆ ಬಂತು. ಗಿರಿಯಪ್ಪನಿಗೆ ಅಳು ತಡೆಯಲಾಗಲಿಲ್ಲ.

"ಎಣ್ಣೆ ಮುಟ್ಟಿಸ್ಬೇಡ," ಎಂದ. "ನಾನು ಬರುವವರೆಗೆ ಅವು ಎಲ್ಲಿಗೂ ಹೋಗದ ಹಾಗೆ ನೋಡ್ಕೋ."

"ಅವು ಎಲ್ಲಿಗೆ ಹೋಗ್ತವೆ?" ಎಂದಳು ಲೀಲಾಕ್ಷಿ. "ಈ ಮನೆ ಬಿಟ್ಟು ಹೋದದ್ದು ನೀವೊಬ್ರೇ."