ಒಣಗದ ದಾಳಿಂಬೆ

ಚಿತ್ರ ಮುಗಿದ ಒಂಬತ್ತನೆಯ ದಿನವೂ ದಾಳಿಂಬೆಯ ಮೇಲೆ ಬೆರಳಿಟ್ಟರೆ ಕೆಂಪು ಅಂಟುತ್ತಿತ್ತು. ಅದನ್ನು ಮೈಸೂರಿಗೆ ಮುಟ್ಟಿಸಲು ಇನ್ನು ಆರು ದಿನ ಉಳಿದಿತ್ತು.

ಯುದ್ಧದ ಕಾಲ. ಮೈಸೂರಿನಲ್ಲಿ ಚಿತ್ರಕಲೆಯ ತರಗತಿಗೆ ಸೇರಬೇಕಾದರೆ, ಎದುರಿಗಿಟ್ಟ ವಸ್ತುಗಳನ್ನು ಕಂಡಂತೆಯೇ ಎಣ್ಣೆಬಣ್ಣದಲ್ಲಿ ಬರೆದು, ಸ್ವತಃ ಒಯ್ದು ಒಪ್ಪಿಸಬೇಕಿತ್ತು. ಆ ವರ್ಷ ತಪ್ಪಿದರೆ ನನಗೆ ವಯಸ್ಸು ಮೀರುತ್ತಿತ್ತು. ಆಮೇಲೆ ಗಾಣವೇ ಗತಿ. ಮಧುಗಿರಿ ಪೇಟೆಯಲ್ಲಿ ನಮ್ಮದು ಎಣ್ಣೆಗಾಣದ ಮನೆ. ಎತ್ತಿನ ಹಿಂದೆ ಸುತ್ತುವುದು ನನಗೆ ಗೊತ್ತಿತ್ತು. ಅದರಿಂದ ಬಿಡಿಸಿಕೊಳ್ಳಲು ಈ ಚಿತ್ರವೊಂದೇ ದಾರಿ.

ಬಣ್ಣದ ಟ್ಯೂಬುಗಳನ್ನೂ ಅದಕ್ಕೆ ಬೆರೆಸುವ ಅಗಸೆ ಎಣ್ಣೆಯ ಸಣ್ಣ ಸೀಸೆಯನ್ನೂ ಕೊಟ್ಟವರು ಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ಕೊಟ್ಟ ತಿಂಗಳಲ್ಲೇ ಅವರಿಗೆ ಪಾವಗಡಕ್ಕೆ ವರ್ಗವಾಯಿತು. ತಾಮ್ರದ ಚೊಂಬು, ಒಡೆದ ದಾಳಿಂಬೆ, ಮಡಿಸಿದ ಬಿಳಿ ಪಂಚೆ, ಇಷ್ಟನ್ನು ಕಿಟಕಿಯ ಪಕ್ಕ ಜೋಡಿಸಿಕೊಂಡು ಕೂತೆ. ಚೊಂಬಿನ ಹೊಟ್ಟೆಯಲ್ಲಿ ಕಿಟಕಿಯ ಸರಳುಗಳು ಬಾಗಿ ಕಾಣುತ್ತಿದ್ದವು. ಅವನ್ನು ಹಿಡಿಯುವಷ್ಟರಲ್ಲಿ ಸೀಸೆ ಬರಿದಾಯಿತು. ತುಮಕೂರಿನ ಅಂಗಡಿಗಳಲ್ಲೂ ಅಗಸೆ ಎಣ್ಣೆ ಇರಲಿಲ್ಲ. ಗಾಣದ ಮನೆಯವನು ಎಣ್ಣೆಗೆ ಅಲೆಯುವುದೇ ಅನ್ನಿಸಿ, ಮನೆಯಲ್ಲಿದ್ದುದರಲ್ಲಿ ಎಲ್ಲಕ್ಕಿಂತ ತಿಳಿಯಾದ ಕಡಲೆಕಾಯಿ ಎಣ್ಣೆಯನ್ನು ಬಣ್ಣಕ್ಕೆ ಬೆರೆಸಿದೆ. ಹಣ್ಣು, ಪಂಚೆ ಎರಡನ್ನೂ ಅದರಲ್ಲೇ ಬರೆದೆ. ಕಾಳುಗಳು ಹಸಿಹಸಿಯಾಗಿ ಹೊಳೆದವು. ಯಾರನ್ನೂ ಕೇಳಲಿಲ್ಲ.

ಬಿಸಿಲಿಗಿಟ್ಟೆ, ಧೂಳು ಕೂತಿತು. ಒಲೆಯ ಹತ್ತಿರ ಇಟ್ಟೆ, ಇರುವೆ ಬಂದವು. ಪಂಚೆಯ ಮಡಿಕೆಯಲ್ಲಿ ಸಿಕ್ಕಿ ಸತ್ತ ಎರಡನ್ನು ಸೂಜಿಯಿಂದ ತೆಗೆದೆ.

ಒಂಬತ್ತನೆಯ ದಿನ ಅವ್ವ ನೋಡಿದಳು.

"ಏನ್ಲಾ, ದಿನಾ ಅದ್ರ ನಾಡಿ ಹಿಡೀತಾ ಕುಂತಿದ್ದೀಯ?"

"ಒಣಗ್ತಿಲ್ಲ ಕಣವ್ವ."

"ಯಾವ ಎಣ್ಣೆ ಹಾಕ್ದೆ?"

ಹೇಳಿದೆ.

"ಕಡ್ಲೆಕಾಯಿ ಎಣ್ಣೆ ಎಲ್ಲಾನ ಒಣಗ್ತದೇನ್ಲಾ? ನಿಮ್ಮಪ್ಪನ ಅಂಗಿ ಒಣಗೈತಾ ಇಷ್ಟು ವರ್ಸದಾಗೆ?"

ಮೂಲೆಯಲ್ಲಿದ್ದ ಹುಚ್ಚೆಳ್ಳೆಣ್ಣೆಯ ಗಡಿಗೆಯನ್ನು ಮುಂದಕ್ಕೆಳೆದಳು. ಅದರ ಬಾಯಿಯ ಸುತ್ತ ಕಂದು ಪೊರೆ ಗಟ್ಟಿಯಾಗಿ ಕಚ್ಚಿತ್ತು.

"ಇದು ನೋಡು, ನಾಕು ದಿನ ಬುಟ್ರೆ ಹಿಂಗೆ ಚಕ್ಕೆ ಕಟ್ತೈತೆ. ಒಂದು ಮಾತು ಕೇಳಬಾರ್ದಿತ್ತಾ?"

ಕೇಳಬೇಕಾಗಿಯೂ ಇರಲಿಲ್ಲ. ಆ ಚಕ್ಕೆಯನ್ನು ವರ್ಷವರ್ಷವೂ ಕತ್ತಿಯಿಂದ ಕೆರೆಯುತ್ತಿದ್ದವನು ನಾನೇ.

"ಈಗೇನು ಮಾಡ್ಲವ್ವ?"

"ನಂಗೇನು ಗೊತ್ತಪ್ಪ. ಗಡಿಗೆ ವಿಚಾರ ಹೇಳ್ದೆ, ಅಷ್ಟೇ."

ಕೆರೆದು ತೆಗೆದು ಹೊಸದಾಗಿ ಬರೆಯೋಣವೆಂದರೆ ಕೆಂಪು ಮುಗಿದಿತ್ತು. ಟ್ಯೂಬನ್ನು ಸೀಳಿ ಒಳಗಿನದನ್ನೂ ಒರೆಸಿಕೊಂಡಾಗಿತ್ತು. ಉಳಿದ ದಿನಗಳಲ್ಲಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮುಟ್ಟಿ ನೋಡಿದೆ. ಮುಟ್ಟಿದ ಗುರುತುಗಳನ್ನು ಕುಂಚದಿಂದ ತಿದ್ದಿದೆ. ಮತ್ತೆ ಮುಟ್ಟಿದೆ.

ಮುಚ್ಚಿದರೆ ಬಟ್ಟೆ ಅಂಟುತ್ತದೆಂದು ಚಿತ್ರವನ್ನು ತೊಡೆಯ ಮೇಲೆ ಬರಿದಾಗಿಯೇ ಇಟ್ಟುಕೊಂಡು ಹೊರಟೆ. ತುಮಕೂರಿನವರೆಗೆ ಪೆಟ್ರೋಲಿಲ್ಲದೆ ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸು, ಮುಂದೆ ರೈಲು. ಕೊರಟಗೆರೆ ದಾಟುವಾಗಲೇ ಚಿತ್ರದ ಪಂಚೆ ಮಸಿ ಅಂಟಿ ಬೂದುಬಣ್ಣಕ್ಕೆ ತಿರುಗಿತ್ತು. ಅಗಸೆ ಎಣ್ಣೆಯಲ್ಲಿ ಬರೆದಿದ್ದ ಚೊಂಬು ಮಾತ್ರ ಚೆನ್ನಾಗಿತ್ತು.

ಮೈಸೂರಿನ ಕಚೇರಿಯಲ್ಲಿ ಗುಮಾಸ್ತರು ಚಿತ್ರಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ನನ್ನದರ ಅಂಚು ಮುಟ್ಟಿ, ಬೆರಳು ನೋಡಿಕೊಂಡು, ಒತ್ತುಕಾಗದಕ್ಕೆ ಒರೆಸಿದರು.

"ಹಸಿ ಇದೆಯಲ್ಲಪ್ಪ. ಚೊಂಬು ಚೆನ್ನಾಗಿ ಬರೆದಿದ್ದೀಯ. ಸಂಜೆ ಬಾಗಿಲು ಹಾಕೋದರೊಳಗೆ ಒಣಗುತ್ತಾ? ಒಣಗುತ್ತೆ ಅಂದರೆ ಈಗಲೇ ಹೆಸರು ಬರ್ಕೋತೀನಿ."

ಹೂಂ ಎನ್ನಬಹುದಿತ್ತು. ಅಂದರೆ ನನ್ನದು ಆ ರಾಶಿಗೆ ಸೇರಿ, ತಾಗಿದ ಚಿತ್ರಕ್ಕೆ ಬಣ್ಣ ಬಳಿಯುತ್ತಿತ್ತು. ಮೇಲಿದ್ದದ್ದು ಯಾರೋ ಬರೆದ ಬದನೆಕಾಯಿಯ ಬುಟ್ಟಿ. ಒಂದೊಂದು ತೊಟ್ಟಿನ ಮುಳ್ಳನ್ನೂ ಬಿಡದೆ ಬರೆದಿದ್ದರು.

"ಇದು ಒಣಗಲ್ಲ ಸ್ವಾಮಿ," ಎಂದೆ.

ಅವರು ನನ್ನ ಹಿಂದೆ ನಿಂತಿದ್ದವನನ್ನು ಕರೆದರು. ಚಿತ್ರವನ್ನು ಕಂಕುಳಲ್ಲಿ ಇಟ್ಟುಕೊಳ್ಳುವಂತಿರಲಿಲ್ಲ. ಎರಡೂ ಕೈಯಲ್ಲಿ, ಮೈಯಿಂದ ದೂರ ಹಿಡಿದು, ಸ್ಟೇಷನ್ನಿನವರೆಗೆ ನಡೆದೆ.