ಶನಿವಾರಕ್ಕೆ ಮುಂದೂಡಿದ ಹೂವು

ಮೊನ್ನೆ ಗರಾಜ್ ಗುಡಿಸುವಾಗ ಹಳೆಯ ನೀಲಿ ಟಾರ್ಪಾಲೊಂದು ಸಿಕ್ಕಿತು. ಬಿಡಿಸಿದರೆ ಮಡಿಕೆಯೊಳಗೆ ನಾಲ್ಕೈದು ಎಸಳುಗಳು, ಚಹಾ ಚರಟದ ಬಣ್ಣಕ್ಕೆ ತಿರುಗಿ, ಪ್ಲಾಸ್ಟಿಕ್ಕಿಗೆ ಅಂಟಿಕೊಂಡಿದ್ದವು. ಉಗುರಿನಿಂದ ಕೆರೆದು ತೆಗೆಯಲು ಹೋದವಳು ಅಲ್ಲೇ ಕೂತುಬಿಟ್ಟೆ. ಅದು ಪಕ್ಕದ ಮನೆಯ ಜಪಾನಿ ಅಜ್ಜಿಯ ಟಾರ್ಪಾಲು.

ಕೆಂಡಲ್ ಪಾರ್ಕಿನ ಈ ಮನೆಗೆ ನಾವು ಬಂದಾಗ ಅವರಿಗೆ ಎಪ್ಪತ್ತು ದಾಟಿತ್ತು. ನಮ್ಮ ಹಿತ್ತಲಿನ ಚೆರ್ರಿ ಮರವನ್ನು ನೆಟ್ಟವರು ಅವರ ಗಂಡ. ಆಗ ಇಲ್ಲಿದ್ದವರು ಅವರ ಸ್ನೇಹಿತರಂತೆ. ಗಂಡ ಹೋದ ಮೇಲೂ ಅಜ್ಜಿ ಪ್ರತಿ ಏಪ್ರಿಲ್‌ನಲ್ಲಿ ಬೇಲಿಯಾಚೆ ನಿಂತೇ ಮರ ನೋಡುತ್ತಿದ್ದರು. ಕರೆಯದೆ ಇನ್ನೊಬ್ಬರ ಹಿತ್ತಲಿಗೆ ಕಾಲಿಡುವವರಲ್ಲ. ಕರೆಯಬೇಕು ಎಂದು ನನಗೂ ಪ್ರತಿ ವರ್ಷ ಅನ್ನಿಸುತ್ತಿತ್ತು... ಅಷ್ಟರಲ್ಲಿ ಹೂವಿನ ಕಾಲ ಮುಗಿದಿರುತ್ತಿತ್ತು.

ಒಂದು ವರ್ಷ ಅವರ ಮನೆ ಮಾರಾಟವಾಯಿತು. ಏಪ್ರಿಲ್ ಕೊನೆಗೆ ಮಗ ಬಂದು ಅವರನ್ನು ದೇಶದ ಇನ್ನೊಂದು ತುದಿಯ ಒರೆಗಾನ್‌ಗೆ ಕರೆದೊಯ್ಯುವುದೆಂದು ತೀರ್ಮಾನವಾಯಿತು. ಈ ಸಲ ನಮ್ಮನೆಯಲ್ಲೇ ಹೂ ನೋಡುವ ಪಾರ್ಟಿ ಎಂದು ನಾನು ಘೋಷಿಸಿದೆ. ಮರದ ಕೆಳಗೆ ಹಾಸಲು ಅವರು ಅಂದೇ ಟಾರ್ಪಾಲು ತಂದುಕೊಟ್ಟರು.

"ನಮ್ಮವರ ಜೊತೆ ಇದರ ಮೇಲೆ ಕೂತು ಊಟ ಮಾಡ್ತಿದ್ದೆ. ಹೋಗೋ ಮುಂಚೆ ಇನ್ನೊಂದು ಸಲ ಕೂರಬೇಕು, ಅಷ್ಟೇ" ಎಂದರು, ತಮ್ಮ ತಡವರಿಸುವ ಇಂಗ್ಲಿಷಿನಲ್ಲಿ.

ಆಮೇಲೆ ನನ್ನ ದರ್ಬಾರು ಶುರುವಾಯಿತು. ಹನ್ನೆರಡು ಕನ್ನಡ ಕುಟುಂಬಗಳಿಗೆ ಮೆಸೇಜ್ ಹೋಯಿತು. ಚಿತ್ರಾನ್ನ ಒಬ್ಬರ ಪಾಲಿಗೆ, ಕೋಸಂಬರಿ ಇನ್ನೊಬ್ಬರ ಪಾಲಿಗೆ. ಕಾಗದದ ಲಾಟೀನುಗಳೂ ಬಂದವು. ಸೋಮವಾರ ಅಜ್ಜಿ ಬೇಲಿಯ ಬಳಿ ಬಂದು, ಬುಧವಾರ ಹೂ ಪೂರ್ತಿ ಅರಳುತ್ತದೆ, ಬುಧವಾರವೇ ಕೂರೋಣವೇ ಎಂದು ಮೆಲ್ಲಗೆ ಕೇಳಿದರು. ಎಲ್ಲರಿಗೂ ಶನಿವಾರ ಎಂದು ಹೇಳಿಯಾಗಿದೆ ಎಂದೆ. ತಲೆಯಾಡಿಸಿ ಒಳಗೆ ಹೋದರು.

"ಅವರಿಗೆ ಆ ಮರ ಗೊತ್ತು ಕಣೇ. ಬುಧವಾರ ಹಾಫ್ ಡೇ ಹಾಕು" ಎಂದರು ನನ್ನ ಗಂಡ.

"ಪ್ರೆಸೆಂಟೇಷನ್ ಇದೆ ರೀ. ಯುಗಾದೀನೇ ಶನಿವಾರ ಮಾಡ್ತೀವಿ, ಹೂವಿಗೇನಂತೆ?"

ಎಂಥ ಮಾತಾಡಿದೆ ನಾನು! ಬುಧವಾರ ಮರ ಮೈತುಂಬ ಹೂವಾಗಿತ್ತು. ಅಜ್ಜಿ ಬೇಲಿಯಾಚೆ ಕುರ್ಚಿ ಹಾಕಿಕೊಂಡು ಕೂತಿದ್ದು ಕಿಟಕಿಯಿಂದ ಕಾಣುತ್ತಿತ್ತು. ಒಮ್ಮೆ ನನ್ನ ಕಡೆ ಕೈಯೆತ್ತಿದರು. ನಾನು ಹೆಡ್‌ಸೆಟ್ ತೋರಿಸಿ ನಕ್ಕೆ.

ಗುರುವಾರ ಗಾಳಿ, ಶುಕ್ರವಾರ ಜಡಿಮಳೆ... ಶನಿವಾರ ಬೆಳಿಗ್ಗೆ ಮರದಲ್ಲಿ ಹೂವೇ ಇರಲಿಲ್ಲ. ಹಟಕ್ಕೆ ಬಿದ್ದು ಹಾಸಿದ ಟಾರ್ಪಾಲನ್ನು ಒದ್ದೆ ಎಸಳುಗಳ ಸಮೇತ ಮಡಿಸಿಟ್ಟೆ. ಪಾರ್ಟಿ ಬೇಸ್‌ಮೆಂಟಿಗೆ ಇಳಿಯಿತು. ಗಂಡಸರು ಗ್ರೀನ್ ಕಾರ್ಡ್ ಪುರಾಣ ತೆಗೆದರು, ಮಕ್ಕಳು ಟೀವಿ ಮುಂದೆ ಕೂತರು. ಬೂದು ರೇಷ್ಮೆಯ ಕೋಟು ತೊಟ್ಟು ಬಂದಿದ್ದ ಅಜ್ಜಿ ಸೋಫಾದ ತುದಿಯಲ್ಲಿ ಕೂತು, ಬಡಿಸಿದ್ದನ್ನೆಲ್ಲ ಒಂದು ಅಗುಳೂ ಬಿಡದೆ ತಿಂದರು. ಹೊರಡುವಾಗ ಕ್ಷಮೆ ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಅವರೇ ಬಾಗಿ ಬಾಗಿ ಥ್ಯಾಂಕ್ಸ್ ಹೇಳಿದರು. ನಾನು ಬಾಗಿಲು ತೆರೆದು ಹಿಡಿದೆ, ಅಷ್ಟೇ.

ಮೊನ್ನೆ ಗರಾಜಿನಿಂದ ಎದ್ದು ಬಂದವಳೇ, ಅಜ್ಜಿಯನ್ನು ವಿಚಾರಿಸಲೆಂದು ಅವರ ಮಗನಿಗೆ ಫೋನ್ ಮಾಡಿದೆ. ಅಜ್ಜಿ ಈ ಚಳಿಗಾಲದಲ್ಲೇ ತೀರಿಕೊಂಡರಂತೆ.

"ನಿಮ್ಮನೆ ಪಾರ್ಟಿ ಬಗ್ಗೆ ಕೊನೆಯವರೆಗೂ ಹೇಳ್ತಿದ್ರು" ಎಂದರು ಮಗ. "ಅಪ್ಪ ನೆಟ್ಟ ಮರದ ಕೆಳಗೆ ಕೂತಿದ್ರಂತೆ. ತಟ್ಟೆ ತುಂಬ ಹೂ ಉದುರ್ತಿತ್ತಂತೆ. ಅಮ್ಮನಿಗೆ ಅಷ್ಟು ಮಾಡಿದ್ರಿ ನೀವು."

ಮಗನೆದುರು ಕೂಡ ಅಜ್ಜಿ ನನ್ನ ಮಾನ ಕಾಪಾಡಿದ್ದರು. ನಿಜ ಹೇಳಿಬಿಡೋಣವೆಂದರೆ, ಇನ್ನು ಹೇಳಿ ಯಾರ ಕ್ಷಮೆ ಕೇಳುವುದು...

"ಹೌದು, ತುಂಬಾ ಉದುರ್ತಿತ್ತು" ಎಂದೆ.

ಈ ವಾರ ಹಿತ್ತಲಿನ ಮರ ಮತ್ತೆ ಅರಳಿದೆ. ಅದರ ಕೆಳಗೆ ಹೋಗಿ ಕೂರಲು ನನಗಿನ್ನೂ ಧೈರ್ಯ ಬಂದಿಲ್ಲ.